ಓರೆ ಬಿಸಿಲಿಗೆ ಕಾಯುವ ಕಲ್ಲು

ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಚರಂಡಿ ಮುಚ್ಚಿದ ಚಪ್ಪಡಿಗಳ ಫೋಟೊ ತೆಗೆಯುತ್ತಾ ಕೂತಿದ್ದಾಗ ಎದುರು ಮನೆಯ ಅಜ್ಜಿ, "ಕಂಪ್ಲೇಂಟ್ ಕೊಡೋಕೇನಪ್ಪಾ?" ಎಂದು ಕೇಳಿದ್ದರು. ಹೌದೆಂದೆ. ಕಲ್ಲಿನ ಮೇಲಿನ ಉಳಿಯ ಗುರುತು ನೋಡುತ್ತಿದ್ದೇನೆ ಅಂದಿದ್ದರೆ ನಂಬುತ್ತಿರಲಿಲ್ಲ.

ಈ ಚಟಕ್ಕೆ ಬೀದಿ ಸಾಲದೆ ಒಂದು ಭಾನುವಾರ ಭಾವನ ಬೈಕಿನ ಹಿಂದೆ ಕೂತು ನಂದಿ ಗ್ರಾಮಕ್ಕೆ ಹೊರಟೆ. ಬೆಟ್ಟಕ್ಕಲ್ಲ, ಅದರ ಬುಡದಲ್ಲಿರುವ ಊರಿಗೆ. ಸೂರ್ಯೋದಯ ನೋಡುವವರ ಕಾರುಗಳು ಕತ್ತಲಲ್ಲೇ ನಮ್ಮನ್ನು ಹಿಂದೆ ಹಾಕಿ ಮೇಲೆ ಹೋದವು. ನಮಗೂ ಅದೇ ಸೂರ್ಯ ಬೇಕಿತ್ತು, ಆದರೆ ಕಲ್ಲಿನ ಮೇಲೆ ಓರೆಯಾಗಿ ಬೀಳುವಾಗ. ನೆತ್ತಿಯ ಬಿಸಿಲಲ್ಲಿ ಎಂಥ ಕೆತ್ತನೆಯೂ ಚಪ್ಪಟೆ. ಪಕ್ಕದಿಂದ ಬೆಳಕು ಬಂದರೆ ಮರಳಿನ ಕಾಳಿಗೂ ಒಂದು ನೆರಳು ಹುಟ್ಟುತ್ತದೆ.

ಯಲಹಂಕ, ದೇವನಹಳ್ಳಿ ದಾಟಿದ ಮೇಲೆ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು. ಚಪ್ಪರ ಹೊತ್ತು ನಿಂತಿರುವುದು ಕಲ್ಲುಕಂಬಗಳು. ಬೇರೆ ಕಡೆ ಮರವನ್ನೋ ಕಬ್ಬಿಣವನ್ನೋ ಬಳಸುವ ಜಾಗದಲ್ಲಿ ಈ ಸೀಮೆಯವರು ಕಲ್ಲು ನೆಡುತ್ತಾರೆ. ಬೇಲಿಗೂ ಅದೇ, ಬಟ್ಟೆ ಒಗೆಯುವುದಕ್ಕೂ ಅದೇ. ಒಂದು ಕಂಬದ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಅರ್ಧರ್ಧ ಕುಳಿಗಳಿದ್ದವು. ಎಳೆಬಿಸಿಲಿಗೆ ಪ್ರತಿ ಕುಳಿಯಲ್ಲೂ ಕಪ್ಪು ತುಂಬಿತ್ತು. ಬಗ್ಗಿ ಕ್ಯಾಮೆರಾ ಹಿಡಿದೆ.

"ಕಂಬದ ಪಟ ಹಿಡ್ಕೊಂಡು ಏನ್ ಮಾಡ್ತೀರ ಸಾಮಿ?" ತೋಟದ ಯಜಮಾನರು ಬಂದು ನಿಂತಿದ್ದರು. ವಯಸ್ಸಿನಲ್ಲಿ ಕಲ್ಲು ಒಡೆದವರಂತೆ.

"ಈ ಕುಳಿ ನೋಡ್ತಿದ್ದೆ ಯಜಮಾನ್ರೆ."

"ಮರಕ್ಕಿದ್ದಂಗೆ ಕಲ್ಲಿಗೂ ಎಳೆ ಅದೆ. ಎಳೆ ನೋಡ್ಕೊಂಡು ಸಾಲಾಗಿ ಕುಳಿ ಹೊಡೀಬೇಕು. ಉಳಿ ಇಟ್ಟು ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಡ್ಕೊಂಡು ಹೋದ್ರೆ ಬಾಯಿ ಬಿಡ್ತದೆ. ಅವಸರ ಮಾಡಿದ್ರೆ ಅಡ್ಡ ಸೀಳ್ತದೆ, ದಿನದ ಕೂಲಿ ಹೋಯ್ತು."

ಅಂದರೆ ನಾನು ಚಂದ ಎಂದು ಹಿಡಿದ ಸಾಲು ಯಾರದೋ ಒಂದು ದಿನದ ಎಚ್ಚರಿಕೆ. ಕಂಬದ ಇನ್ನೊಂದು ಮಗ್ಗುಲಿಗೆ ಕಲ್ಲುಹೂವು ಹತ್ತಿತ್ತು, ಬೂದಿ ಬಣ್ಣದ ಚಕ್ಕೆಗಳ ನಡುವೆ ಕಿತ್ತಳೆಯ ಚುಕ್ಕಿ. ಅದನ್ನೂ ಹಿಡಿದೆ. ಯಜಮಾನರು ಒಂದು ಗೊಂಚಲು ದ್ರಾಕ್ಷಿ ಕೊಟ್ಟು ಕಳಿಸಿದರು.

ಇಲ್ಲಿಂದ ನೋಡಿದರೆ ನಂದಿಬೆಟ್ಟದ ಬೋಳು ಬಂಡೆ ಈರುಳ್ಳಿಯ ಹಾಗೆ. ಹಗಲ ಕಾವು, ಇರುಳ ತಂಪು, ಮೇಲಿನ ಹೊರೆ ಕಳಚಿ ಬಂಡೆ ಸಡಿಲವಾಗುವುದು, ಎಲ್ಲ ಸೇರಿ ಪದರಪದರವಾಗಿ ಸಿಪ್ಪೆ ಏಳುತ್ತದೆ. ಹಿಂದಿನ ಕಲ್ಲುಕುಟಿಗರು ಇದನ್ನೇ ಕಲಿತು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದರು. ನಮ್ಮ ಚರಂಡಿಯ ಮೇಲಿನವು ಹಾಗೆ ಎದ್ದವೋ ಏನೋ.

ಭೋಗನಂದೀಶ್ವರ ದೇವಸ್ಥಾನ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಇಲ್ಲಿನ ಶಾಸನಗಳು 9ನೇ ಶತಮಾನದ ಆರಂಭದಿಂದ ಶುರುವಾಗುತ್ತವೆ. ನೊಳಂಬರು, ಬಾಣರು, ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು, ಬಂದವರೆಲ್ಲ ಏನಾದರೊಂದು ಸೇರಿಸಿ ಹೋಗಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವಿನ ಕಲ್ಯಾಣ ಮಂಟಪದಲ್ಲಿ ಕರಿಕಲ್ಲಿನ ನಾಲ್ಕು ಕಂಬಗಳಿವೆ. ಬಳ್ಳಿ, ಗಿಳಿ, ಎಲ್ಲವೂ ಎಣ್ಣೆ ಹಚ್ಚಿದಷ್ಟು ನಯ. ಎಲ್ಲರೂ ಅಲ್ಲೇ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನನಗೆ ಮಾತ್ರ ಅಷ್ಟು ನಯ ರುಚಿಸುವುದಿಲ್ಲ. ಹೊರಗೋಡೆಯ ಜಾಲಂಧ್ರ ಇಷ್ಟ, ದಪ್ಪ ಕಲ್ಲನ್ನು ಕೊರೆದು ಅದರೊಳಗೆ ಕುಣಿಯುವ ಶಿವನನ್ನು ನಿಲ್ಲಿಸಿದ್ದಾರೆ. ಹೊರಗಿನಿಂದ ಅವನು ಶಿಲ್ಪ, ಒಳಗಿನ ಕತ್ತಲಿಂದ ನೋಡಿದರೆ ಬೆಳಕಿನ ತೂತುಗಳ ನಡುವೆ ಕಪ್ಪು ಆಕಾರ. ಕೊಳದ ಮೆಟ್ಟಿಲುಗಳು ಇನ್ನೂ ಸೊಗಸು, ಒಂದೊಂದು ಮೆಟ್ಟಿಲಿಗೂ ಒಂದೊಂದು ಗೆರೆ ನೆರಳು. ಒಂದು ಗಂಟೆ ಅಲ್ಲೇ ಕಳೆದು ತಪ್ಪು ಮಾಡಿದೆ.

ಶಾಸನದ ಹತ್ತಿರ ಬಂದಾಗ ಮಧ್ಯಾಹ್ನ. ಅಕ್ಷರವೇ ಕಾಣಲಿಲ್ಲ. ಹಳೆಯ ಲಿಪಿಯ ನಾಲ್ಕಾರು ಅಕ್ಷರ ಕಲಿತಿದ್ದ ನನ್ನ ಜಂಬ ಅಲ್ಲಿಗೆ ಇಳಿಯಿತು. ಕೆಲವರು ಇಂಥ ಹೊತ್ತಲ್ಲಿ ಸೀಮೆಸುಣ್ಣ ತಿಕ್ಕುತ್ತಾರೆ. ಮಾಡಬಾರದ ಕೆಲಸ, ಪುಡಿ ಕಲ್ಲಿನ ರಂಧ್ರದಲ್ಲೇ ಉಳಿಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದುತ್ತಾರೆ. ನನ್ನ ಬಳಿ ಅದೆಲ್ಲಿ?

ಭಾವ ಊಟದ ಡಬ್ಬಿ ಬಿಚ್ಚುತ್ತಿದ್ದರು. ಸ್ಟೀಲ್ ಮುಚ್ಚಳದಿಂದ ಎದ್ದ ಬೆಳಕು ಗೋಡೆಯ ಮೇಲೆ ಓಡಿತು.

"ಭಾವ, ಆ ಮುಚ್ಚಳ ಕೊಡಿ!"

"ಚಿತ್ರಾನ್ನ ತಿನ್ನೋ ಮೊದಲು."

ಅಲ್ಲೇ ಆಡುತ್ತಿದ್ದ ಹುಡುಗನೊಬ್ಬ ಮುಚ್ಚಳ ಹಿಡಿದು ಬಿಸಿಲಿಗೆ ನಿಂತ. ಎಡಕ್ಕೆ, ಇನ್ನೂ ಎಡಕ್ಕೆ, ಕೆಳಗೆ. ನೆರಳಲ್ಲಿದ್ದ ಕಲ್ಲಿನ ಮೇಲೆ ಬೆಳಕು ಜಾರುತ್ತಿದ್ದಂತೆ ದುಂಡನೆಯ ಒಂದು ಅಕ್ಷರ ಮೇಲೆದ್ದಿತು, ಪಕ್ಕದಲ್ಲಿ ಇನ್ನೊಂದು. ಶಟರ್ ಒತ್ತಿದೆ.

"ಇದ್ಯಾವ ಭಾಷೆ ಅಣ್ಣ?"

"ಕನ್ನಡಾನೇ ಕಣೋ."

ಅವನಿಗೆ ನಂಬಿಕೆ ಬರಲಿಲ್ಲ. ಮುಚ್ಚಳವನ್ನು ಇನ್ನಷ್ಟು ಓರೆ ಮಾಡಿ ಮುಂದಿನ ಸಾಲಿಗೆ ಬೆಳಕು ಬಿಟ್ಟ.