ಚಳಿಯನ್ನು ಎತ್ತಿಟ್ಟವರು

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡರ ಹೊತ್ತು. ಬೆನ್ನು ಚುರುಗುಡುವಂಥ ಬಿಸಿಲು. ಮುಖಕ್ಕೆ ಮಾತ್ರ ತಣ್ಣನೆಯ ಗಾಳಿ ಬಡಿಯುತ್ತಿತ್ತು. ಎದುರಿಗೆ, ಹುಲ್ಲುಕಡ್ಡಿಯೂ ಇಲ್ಲದ ಬೋಳು ಬಯಲಿನಲ್ಲಿ, ನಮ್ಮೂರ ಎರಡಂತಸ್ತಿನ ಮನೆಯಷ್ಟು ಎತ್ತರದ ಮಂಜುಗಡ್ಡೆಯ ಗೋಪುರ. ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುತ್ತದಲ್ಲ, ಅದೇ ಸದ್ದು ಅದರ ಸುತ್ತಲೂ. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದೆ. ಗಾಜಿನಂಥ ಗಡ್ಡೆಯ ಒಳಗೆ ಮುಳ್ಳುಕಂಟಿಗಳ ರೆಂಬೆಗಳು, ಒಂದೊಂದು ಮುಳ್ಳೂ ಎಣಿಸುವಷ್ಟು ಸ್ಪಷ್ಟವಾಗಿ, ಹಾಗೇ ಹುದುಗಿ ಕೂತಿದ್ದವು.

ಲಡಾಖಿನ ಸಿಂಧೂ ಕಣಿವೆಗೆ ಬಂದು ಸೇರುವ ಒಂದು ಪಕ್ಕದ ತೊರೆಯ ಹಳ್ಳಿ ಅದು. ನನ್ನನ್ನು ಲೇಹ್‌ನಿಂದ ಕರೆತಂದವರು ಅಲ್ಲಿಯ ರೈತರೊಬ್ಬರು. ಹಳ್ಳಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ‘ಅಚೋ-ಲೆ’ ಎಂದೇ ಕರೆದೆ. ಅಚೋ ಎಂದರೆ ಅಣ್ಣ. ‘ಲೆ’ ಎಂಬುದು ನಮ್ಮ ‘ಅವರೇ’ ಇದ್ದ ಹಾಗೆ, ಗೌರವಕ್ಕೆ ಅಂಟಿಸುವ ಬಾಲ. ನಾನು ಗೋಪುರಕ್ಕೆ ಕೈ ತಾಗಿಸಿ ನಿಂತದ್ದನ್ನು ನೋಡಿ ಅವರು ಹರಕು ಹಿಂದಿಯಲ್ಲಿ ಹೇಳಿದರು: “ಇದು ಜನವರಿ. ಎತ್ತಿಟ್ಟಿದ್ದೇವೆ.”

ಆ ಮಾತು ನನಗೆ ತಟ್ಟನೆ ಅರ್ಥವಾಯಿತು. ಮಲೆನಾಡಿನಲ್ಲಿ ಬೆಳೆದವರಿಗೆ ಎತ್ತಿಡುವುದು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಬಿಸಿಲಲ್ಲಿ ನಮ್ಮಮ್ಮ ಹಪ್ಪಳ, ಸಂಡಿಗೆ, ಹಲಸಿನ ಬೀಜ, ಒಣ ಸೌದೆ ಎಲ್ಲವನ್ನೂ ಮಳೆಗಾಲಕ್ಕೆಂದು ಅಟ್ಟಕ್ಕೇರಿಸುತ್ತಿದ್ದಳು. ಲಡಾಖಿನಲ್ಲಿ ಎತ್ತಿಡುವುದು ಚಳಿಗಾಲಕ್ಕೆ. ಆದರೆ ಚಳಿಗಾಲವನ್ನೇ ಎತ್ತಿಟ್ಟು ಬೇಸಿಗೆಗೆ ಬಳಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮಳೆ ವರ್ಷಕ್ಕೆ ಹೆಚ್ಚುಕಡಿಮೆ 100 ಮಿಲಿಮೀಟರ್; ಆಗುಂಬೆ ಕಡೆ ಜುಲೈ ತಿಂಗಳ ಒಂದು ಜಡಿಮಳೆಯ ದಿನ ಬೀಳುವಷ್ಟು. ಬೇಸಾಯವೆಲ್ಲ ಮೇಲಿನ ಹಿಮನದಿಗಳ ನೀರಿನಿಂದ. ತೊಂದರೆ ಏನೆಂದರೆ, ಆ ನೀರು ಧಾರಾಳವಾಗಿ ಇಳಿದುಬರುವುದು ಜೂನ್ ಮೇಲೆ. ಜವೆಗೋಧಿ ಬಿತ್ತಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ತಡವಾಗಿ ಬಿತ್ತಿದರೆ ತೆನೆ ಬಲಿಯುವ ಮೊದಲೇ ಮತ್ತೆ ಚಳಿ ಬಂದುಬಿಡುತ್ತದೆ. ಇತ್ತ ಇಡೀ ಚಳಿಗಾಲ ತೊರೆಯ ನೀರು ಯಾರಿಗೂ ಬೇಡವಾಗಿ ಸಿಂಧೂವಿಗೆ ಹರಿದುಹೋಗುತ್ತಿರುತ್ತದೆ. ಬೇಡದಾಗ ಉಂಟು, ಬೇಕಾದಾಗ ಇಲ್ಲ.

ಈ ಎರಡು ತಿಂಗಳ ಕೊರತೆಗೆ ಮೊದಲು ಉಪಾಯ ಹುಡುಕಿದವರು ಚೆವಾಂಗ್ ನೋರ್ಫೆಲ್ ಎಂಬ ಸಿವಿಲ್ ಎಂಜಿನಿಯರು. ಜೋರಾಗಿ ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ, ಪಾಪ್ಲರ್ ಮರಗಳ ನೆರಳಿನಲ್ಲಿ ಮೆಲ್ಲನೆ ಹರಿಯುವ ನೀರು ಹೆಪ್ಪುಗಟ್ಟುತ್ತದೆ ಎಂಬುದು ಅವರ ಕಣ್ಣಿಗೆ ಬಿತ್ತು. ಅಷ್ಟೇ ಹಿಡಿದುಕೊಂಡು 1980ರ ದಶಕದ ಕೊನೆಯಿಂದ, ಊರಿಗಿಂತ ಎತ್ತರದ ನೆರಳುಗಣಿವೆಗಳಲ್ಲಿ ಕಲ್ಲಿನ ಅಡ್ಡಗಟ್ಟೆ ಕಟ್ಟಿ, ತೊರೆಯನ್ನು ಪಕ್ಕಕ್ಕೆ ತಿರುಗಿಸಿ, ನಿಧಾನ ಮಾಡಿ, ಹಾಳೆಹಾಳೆಯಾಗಿ ಹೆಪ್ಪುಗಟ್ಟಿಸುತ್ತ ಹೋದರು. ಸಿಮೆಂಟಿಲ್ಲ, ಪಂಪಿಲ್ಲ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಂದೇ ಇಕ್ಕಟ್ಟು: ಅಂಥ ಹಿಮಕ್ಕೆ ತುಂಬ ಎತ್ತರದ ಜಾಗ ಬೇಕು, ನೆರಳು ಬೇಕು. ಎಲ್ಲ ಊರಿಗೂ ಆ ಭಾಗ್ಯವಿಲ್ಲ.

ಅಲ್ಲಿಂದ ಮುಂದಿನ ಎಳೆ ಹಿಡಿದವರು ಸೋನಮ್ ವಾಂಗ್‌ಚುಕ್ ಎಂಬ ಇನ್ನೊಬ್ಬ ಎಂಜಿನಿಯರು. ಮೇ ತಿಂಗಳಲ್ಲಿ ಒಂದು ಸೇತುವೆಯ ಅಡಿಯಲ್ಲಿ ಕರಗದೆ ಉಳಿದ ಮಂಜುಗಡ್ಡೆಯನ್ನು ಕಂಡರಂತೆ. ಸೇತುವೆ ಇದ್ದದ್ದು ತೀರ ತಗ್ಗಿನಲ್ಲಿ, ಸುತ್ತಲಿನ ಗಾಳಿ ಬೆಚ್ಚಗೇ ಇತ್ತು. ಹಾಗಾದರೆ ಕರಗಿಸುತ್ತಿರುವುದು ಗಾಳಿಯ ಬಿಸಿಗಿಂತ ಹೆಚ್ಚಾಗಿ ನೇರ ಬೀಳುವ ಬಿಸಿಲು! ನೆರಳು ಇಲ್ಲದಿದ್ದರೆ ಬೇಡ, ಬಿಸಿಲಿಗೆ ಒಡ್ಡುವ ಮೈಯನ್ನೇ ಕಡಿಮೆ ಮಾಡಿದರಾಯಿತು. 2013–14ರ ಚಳಿಗಾಲದಲ್ಲಿ ಅವರೂ ಅವರ ಶಾಲೆಯ ವಿದ್ಯಾರ್ಥಿಗಳೂ ಸೇರಿ, 3,170 ಮೀಟರ್ ಎತ್ತರದ ಬಿಸಿಲು ಬೀಳುವ ಬಯಲಿನಲ್ಲೇ ಆರು ಮೀಟರ್ ಎತ್ತರದ ಶಂಕು ನಿಲ್ಲಿಸಿದರು. ಅದರಲ್ಲಿದ್ದ ನೀರು ಒಂದೂವರೆ ಲಕ್ಷ ಲೀಟರ್. ಮೇ ಮಧ್ಯ ದಾಟುವವರೆಗೂ ಅದು ಉಳಿಯಿತು. ಆಕಾರ ಬೌದ್ಧರ ಸ್ತೂಪವನ್ನು ಹೋಲುತ್ತಿತ್ತು. ‘ಹಿಮಸ್ತೂಪ’ ಎಂಬ ಹೆಸರೇ ನಿಂತಿತು.

ರಾತ್ರಿ ಹಾಸಿಗೆಯಲ್ಲಿ ಕೂತು ನಾನೇ ಲೆಕ್ಕ ಹಾಕಿ ನೋಡಿದೆ. ಒಂದೂವರೆ ಲಕ್ಷ ಲೀಟರ್ ನೀರನ್ನು ಒಂದಡಿ ದಪ್ಪ ಹೆಪ್ಪುಗಟ್ಟಿಸಿ ಹಾಸಿದರೆ ಸುಮಾರು ಐದು ಗುಂಟೆ ಜಾಗ ಬೇಕು. ಆ ಐದು ಗುಂಟೆಯೂ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ. ಅಷ್ಟನ್ನೇ ಆರು ಮೀಟರ್ ಶಂಕುವಾಗಿ ಎತ್ತಿದರೆ ಹೊರಮೈ ಒಂದೂಕಾಲು ಗುಂಟೆಯೂ ಆಗದು. ಅದರಲ್ಲೂ ಒಂದು ಮಗ್ಗುಲು ಯಾವಾಗಲೂ ತನ್ನ ನೆರಳಿನಲ್ಲೇ. ಹೈಸ್ಕೂಲಿನ ಗಣಿತದಲ್ಲಿ ಶಂಕುವಿನ ಮೈ ಅಳೆಯಲು ಕಲಿತಿದ್ದೆ. ಅದರಿಂದ ಹೊಲಕ್ಕೆ ನೀರು ಬರುತ್ತದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ನೀರು ಮೇಲೆ ಚಿಮ್ಮುವುದಕ್ಕೂ ಕರೆಂಟು ಬೇಕಿಲ್ಲ. ತೊರೆಯ ಮೇಲ್ಭಾಗದಲ್ಲಿ ಪೈಪಿಗೆ ನೀರು ತುಂಬಿ, ನೆಲದಡಿ ಹೂತು ಕೆಳಕ್ಕೆ ತಂದು, ಸ್ತೂಪದ ಜಾಗದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಹೊರಟ ಮಟ್ಟದ ಹತ್ತಿರಕ್ಕೆ ನೀರು ತಾನೇ ಏರುತ್ತದೆ. ಇದು ನನಗೆ ಹೊಸದಲ್ಲ. ನಮ್ಮಜ್ಜನ ಕಾಲದಲ್ಲಿ ಗುಡ್ಡದ ಅಬ್ಬಿಯಿಂದ ಅಡಿಕೆ ಮರ ಸೀಳಿದ ದಂಬೆಯಲ್ಲಿ ನೀರು ಅಂಗಳಕ್ಕೆ ಬರುತ್ತಿತ್ತು, ಮುಂದೆ ಪೈಪಿನಲ್ಲಿ ಬಂತು. ಬಚ್ಚಲ ಹಂಡೆ ತುಂಬಲು ಯಾರೂ ಮೋಟಾರು ಹಾಕಿದವರಲ್ಲ. ಇಲ್ಲಿ ಹೊಸದೆಂದರೆ ಕೊನೆಯ ಎರಡು ಕ್ಷಣ. ಪೈಪಿನ ತುದಿಯಿಂದ ಹನಿಹನಿಯಾಗಿ ಚೆಲ್ಲಿದ ನೀರು ಕೆಳಗೆ ಬೀಳುವಷ್ಟರಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿಯಲ್ಲಿ, ಗಟ್ಟಿಯಾಗಿಬಿಡುತ್ತದೆ. ಮುಳ್ಳುಕಂಟಿ ಇಡುವುದು ಆ ಹನಿಗಳಿಗೆ ಆತುಕೊಳ್ಳಲು ಏನಾದರೂ ಸಿಗಲೆಂದು. ಸೀ ಬಕ್‌ಥಾರ್ನ್ ಎಂಬ ಗಿಡ, ಬೇಲಿಗೆ ಬಳಸುವುದು. ಮೊದಲು ಮುಳ್ಳಿನ ಮೊನೆಗೆ ಒಂದು ಮಣಿ, ಮಣಿಯ ಮೇಲೆ ಇನ್ನೊಂದು ಮಣಿ, ಹಾಗೆ ಬೆಳೆಯುತ್ತ ಬೆಳೆಯುತ್ತ ಗೋಪುರ.

ಕೇಳಲು ಇಷ್ಟು ಸಲೀಸು. ಮಾಡುವವರ ಪಾಡು ಬೇರೆ. “ನೀರು ನಿಂತರೆ ಕೆಟ್ಟಿತು,” ಎಂದರು ಅಚೋ-ಲೆ. ಬಾಯಿಗೆ ಎಲೆಯೋ ಮಂಜಿನ ಚೂರೋ ಸಿಕ್ಕಿ ಹರಿವು ನಿಂತರೆ, ಪೈಪಿನೊಳಗಿನ ನೀರೇ ಹೆಪ್ಪುಗಟ್ಟಿ ಉಬ್ಬಿ, ಪೈಪು ಸೀಳುತ್ತದೆ. ಒಮ್ಮೆ ಪೂರ್ತಿ ಗಡ್ಡೆಗಟ್ಟಿದ ಪೈಪನ್ನು ಮತ್ತೆ ಬಿಡಿಸುವುದು ಆ ಚಳಿಯಲ್ಲಿ ಆಗದ ಮಾತು. ಅದಕ್ಕೇ ಸರದಿ ಹಾಕಿಕೊಂಡು ಕಾಯುತ್ತಾರೆ. ಅವರ ಪಾಳಿ ಬಂದ ಒಂದು ರಾತ್ರಿ, ಎರಡು ಗಂಟೆಗೆ ಸದ್ದು ನಿಂತಿತಂತೆ. “ಮಲಗಿದ್ದೆ. ನೀರಿನ ಸದ್ದಿಗೆ ಎಚ್ಚರವಾಗಲಿಲ್ಲ, ಸದ್ದಿಲ್ಲದ್ದಕ್ಕೆ ಎಚ್ಚರವಾಯಿತು.” ಟಾರ್ಚು ಹಿಡಿದು ಮೇಲಕ್ಕೆ ಓಡಿ, ಬಾಯಿ ಬಿಡಿಸಿ, ಒಂದು ಜೋಡಣೆಯ ಬಳಿ ಕುದಿನೀರು ಸುರಿದು, ಬೆಳಗಿನ ಜಾವಕ್ಕೆ ಹರಿವು ಮತ್ತೆ ಬಂದಾಗ ಅವರ ಕೈಗವಸು ಪೈಪಿಗೇ ಅಂಟಿಕೊಂಡಿತ್ತು. ಕಿತ್ತರೆ ಉಣ್ಣೆಯ ಒಂದು ಪದರ ಅಲ್ಲೇ ಉಳಿಯಿತು. ಪುಕ್ಕಟೆಯ ಚಳಿಯನ್ನು ಎತ್ತಿಡಲು ಎಷ್ಟು ನಿದ್ದೆ ಖರ್ಚಾಗುತ್ತದೆ ಎಂಬುದನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಈ ಕೆಲಸ ಊರೊಟ್ಟಿಗಿನ ಕೆಲಸ. ಒಂಟಿ ಮನೆಯಿಂದ ಆಗುವಂಥದಲ್ಲ.

ಮರುದಿನ ಫೇ ಎಂಬಲ್ಲಿಯ ಸೆಕ್‌ಮಾಲ್ ಶಾಲೆಗೆ ಹೋದೆ. ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಹತ್ತನೇ ತರಗತಿಯಲ್ಲಿ ನಪಾಸಾದ ಮಕ್ಕಳನ್ನು ಕರೆದು ಸೇರಿಸಿಕೊಂಡದ್ದರಿಂದ ಅದರ ಹೆಸರು ದೂರ ಹೋಯಿತು. ಅಲ್ಲಿ ಎತ್ತಿಡುವುದು ಬಿಸಿಲನ್ನು. ಮಣ್ಣನ್ನು ದಮ್ಮಸು ಹೊಡೆದು ಎಬ್ಬಿಸಿದ ದಪ್ಪ ಗೋಡೆಗಳ ಕಟ್ಟಡ, ಮುಖವೆಲ್ಲ ದಕ್ಷಿಣಕ್ಕೆ. ಚಳಿಗಾಲದಲ್ಲಿ ಮುಂಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಬಿಸಿಮನೆ ಮಾಡುತ್ತಾರೆ; ಒಳಗೆ ಸೊಪ್ಪೂ ಬೆಳೆಯುತ್ತದೆ, ಕೋಣೆಯೂ ಬೆಚ್ಚಗಾಗುತ್ತದೆ. ನಾನು ಹೋದಾಗ ಆ ಹಾಳೆಯನ್ನು ಬಿಚ್ಚಿ ಸುತ್ತಿಟ್ಟಿದ್ದರು. ಹುಡುಗಿಯೊಬ್ಬಳು ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ವಿವರಿಸಿದಳು. ಡಿಸೆಂಬರ್ ನಡುಹಗಲಲ್ಲಿ ಸೂರ್ಯ ಅಲ್ಲಿ ದಿಗಂತದಿಂದ 32 ಡಿಗ್ರಿಯಷ್ಟೇ ಮೇಲೆ. ಕಿಟಕಿಯಿಂದ ಬಿಸಿಲು ಹಿಂದಿನ ಗೋಡೆಯವರೆಗೂ ಹೋಗುತ್ತದೆ. ಜೂನ್‌ನಲ್ಲಿ ಸುಮಾರು 79 ಡಿಗ್ರಿ. ಸೂರೇ ಅಡ್ಡಬಂದು ಬಿಸಿಲನ್ನು ಹೊರಗಿಡುತ್ತದೆ. ಹಗಲೆಲ್ಲ ಗೋಡೆ ಬಿಸಿಲುಂಡು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಒಳಗೆ ಸೊನ್ನೆಗಿಂತ 14–15 ಡಿಗ್ರಿ ಮೇಲೇ ಇರುತ್ತದೆ, ಒಲೆ ಹೊತ್ತಿಸದೆಯೇ. ಸಂಜೆ ಏಳಕ್ಕೆ ನಾನು ಆ ಗೋಡೆಗೆ ಅಂಗೈ ಒತ್ತಿ ನೋಡಿದೆ. ಹಸುವಿನ ಪಕ್ಕೆಗೆ ಕೈಯಿಟ್ಟ ಹಾಗಿತ್ತು.

ಅಡುಗೆಮನೆಯ ಹೊರಗೆ ಕನ್ನಡಿ ಚೂರು ಕೂರಿಸಿದ ಅಗಲವಾದ ಬೋಗುಣಿ ಬಿಸಿಲನ್ನು ಹಿಡಿದು ಪಾತ್ರೆಯ ತಳಕ್ಕೆ ಕಳಿಸುತ್ತದೆ. ವರ್ಷದಲ್ಲಿ 300ಕ್ಕೂ ಹೆಚ್ಚು ದಿನ ಬಿಸಿಲು ಕಾಣುವ ನಾಡಿಗೆ ಅದು ಹೇಳಿಮಾಡಿಸಿದ್ದು. ನಮ್ಮ ಆಷಾಢದಲ್ಲಿ ಅದರಿಂದ ಒಂದು ಲೋಟ ಕಾಫಿಯೂ ಕಾಯದು, ಹಾಗಾಗಿ ಅದನ್ನು ಕಂಡು ನಾನು ಹೆಚ್ಚು ಆಸೆಪಡಲಿಲ್ಲ.

ಇವೆಲ್ಲ ಈಚಿನ ಎಂಜಿನಿಯರುಗಳ ಕೆಲಸ. ನನ್ನ ಮನಸ್ಸನ್ನು ಪೂರ್ತಿ ಹಿಡಿದಿಟ್ಟದ್ದು, ಮತ್ತೆ ಹಳ್ಳಿಗೆ ಮರಳಿದಾಗ ಕಂಡ ಒಂದು ಹಳೆಯ ಗಿರಣಿ. ಅಚೋ-ಲೆಯ ತಾಯಿಯನ್ನು ಎಲ್ಲರೂ ‘ಅಬಿ-ಲೆ’, ಅಂದರೆ ಅಜ್ಜಿ ಎನ್ನುತ್ತಿದ್ದರು. ಅವರು ಮರಳಿನಲ್ಲಿ ಹುರಿದು ಜರಡಿ ಹಿಡಿದ ಜವೆಗೋಧಿಯ ಚೀಲ ಹೊತ್ತು ಹೊರಟಿದ್ದರು. ನಾನು ಚೀಲಕ್ಕೆ ಕೈ ಚಾಚಿದರೆ ಕೊಡಲಿಲ್ಲ. ದಾರಿಯ ಹೊಲಗಳಲ್ಲಿ ಕಪ್ಪನೆಯ ಗೊಬ್ಬರದ ಗುಪ್ಪೆಗಳು. ಲಡಾಖಿನ ಮನೆಗಳಲ್ಲಿ ಪಾಯಖಾನೆ ಮೇಲಂತಸ್ತಿನಲ್ಲಿರುತ್ತದೆ. ನೆಲದಲ್ಲೊಂದು ಕಿಂಡಿ, ನೀರಿಲ್ಲ, ಪ್ರತಿಸಲ ಒಂದು ಸಲಿಕೆ ಮಣ್ಣೋ ಬೂದಿಯೋ. ಕೆಳಗಿನ ಕೋಣೆಯಲ್ಲಿ ಕಳಿತು ಪುಡಿಯಾದದ್ದು ವಸಂತದಲ್ಲಿ ಹೊಲಕ್ಕೆ ಬರುತ್ತದೆ. ಗುಪ್ಪೆಯ ಹತ್ತಿರ ನಿಂತು ಮೂಸಿದೆ. ಮಣ್ಣಿನ ವಾಸನೆ ಮಾತ್ರ.

ಗಿರಣಿಯನ್ನು ಅವರು ‘ರಂತಾಕ್’ ಎನ್ನುತ್ತಾರೆ. ತೊರೆಯ ಮೇಲೆ ಕೂರಿಸಿದ, ತಲೆ ಬಗ್ಗಿಸಿ ಹೋಗಬೇಕಾದ ಕಲ್ಲಿನ ಗೂಡು. ತೋಡಿದ ಮರದ ದೋಣಿಯಲ್ಲಿ ನೀರು ರಭಸದಿಂದ ಇಳಿದು, ಕೆಳಗಿನ ಮರದ ರೆಕ್ಕೆಗಳಿಗೆ ಹೊಡೆಯುತ್ತದೆ. ರೆಕ್ಕೆಗಳ ನಡುವಿನ ನೆಟ್ಟನೆಯ ದಿಂಡು ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ. ಹಲ್ಲುಚಕ್ರವಿಲ್ಲ, ಪಟ್ಟಿಯಿಲ್ಲ. ಕಲ್ಲಿನ ಮೇಲೆ ಹಗ್ಗದಲ್ಲಿ ಕಟ್ಟಿದ ಕಾಳಿನ ಬುಟ್ಟಿ, ಬುಟ್ಟಿಯ ತಳಕ್ಕೆ ಒಂದು ಪುಟ್ಟ ಮರದ ಬಾಯಿ, ಆ ಬಾಯಿಗೆ ಕಟ್ಟಿದ ಗೇಣುದ್ದದ ಒಂದು ಕಡ್ಡಿ. ಕಡ್ಡಿಯ ಇನ್ನೊಂದು ತುದಿ ತಿರುಗುವ ಕಲ್ಲಿನ ಮೇಲೆ ಒರಗಿಕೊಂಡಿದೆ. ಕಲ್ಲಿನ ಮೈ ಒರಟು. ತಿರುಗುವಾಗ ಕಡ್ಡಿ ಟಕಟಕ ಕುಣಿಯುತ್ತದೆ. ಕುಣಿತಕ್ಕೆ ಬುಟ್ಟಿಯ ಬಾಯಿ ಅಲುಗಿ ನಾಲ್ಕಾರು ಕಾಳು ಉದುರುತ್ತವೆ. ನೀರು ಜೋರಾದರೆ ಕಲ್ಲು ಜೋರು, ಕಡ್ಡಿ ಜೋರು, ಕಾಳೂ ಹೆಚ್ಚು. ನೀರು ಇಳಿದರೆ ಎಲ್ಲವೂ ಇಳಿಯುತ್ತದೆ. ಕಲ್ಲಿಗೆ ಎಷ್ಟು ಕಾಳು ಬೇಕೆಂದು ಕಲ್ಲೇ ಕೇಳಿ ಪಡೆಯುವ ಏರ್ಪಾಟು, ಅದೂ ಒಂದು ಕಡ್ಡಿಯಲ್ಲಿ! ಅದನ್ನು ಮೊದಲು ಕಟ್ಟಿದವರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಬಿ-ಲೆ ಕಡ್ಡಿಯ ಸದ್ದು ಕೇಳುತ್ತ ಜಪಮಣಿ ಎಣಿಸುತ್ತಿದ್ದರು. ನಡುವೆ ಒಮ್ಮೆ ಕಿವಿ ನಿಮಿರಿಸಿ ಎದ್ದು, ದೋಣಿಯ ಬಾಯಿಗೆ ಸಿಕ್ಕಿದ್ದ ಹುಲ್ಲಿನ ಸಿಂಬೆ ತೆಗೆದು ಬಂದರು. ಮಗ ರಾತ್ರಿ ಎರಡಕ್ಕೆ ಎದ್ದ ಕಥೆ ನೆನಪಾಯಿತು. ಸದ್ದಿನ ವ್ಯತ್ಯಾಸಕ್ಕೆ ಎಚ್ಚರಗೊಳ್ಳುವ ಆ ಕಿವಿ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಹೊರಗಿನಿಂದ ಯಾರೋ ಕೂಗಿದರು. ಬಂದವರು ಆ ವರ್ಷದ ಚುರ್ಪೋನ್, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿಕೊಳ್ಳಲು ಊರವರೇ ನೇಮಿಸಿದವರು. ಅವರ ಮಾತಿಗೆ ಎದುರಿಲ್ಲ. ಅಬಿ-ಲೆ ಮರುಮಾತಿಲ್ಲದೆ ದೋಣಿಯನ್ನು ಪಕ್ಕಕ್ಕೆ ಸರಿಸಿದರು. ಕಲ್ಲು ನಿಧಾನವಾಯಿತು, ಕಡ್ಡಿ ಟಕ್… ಟಕ್… ಎಂದು ಎಣಿಸಿ ಎಣಿಸಿ ನಿಂತಿತು. ಅವರು ಹಿಟ್ಟು ಗುಡಿಸಿ ಚೀಲಕ್ಕೆ ತುಂಬಿ, ಒಂದು ಹಿಡಿ ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು. ಬಾಯಿಗೆ ಹಾಕಿಕೊಂಡರೆ ನಮ್ಮ ಹುರಿಹಿಟ್ಟಿನದೇ ಪರಿಮಳ.

ಗಿರಣಿಯ ಬುಡದಿಂದ ಹೊರಟ ನೀರು ಕಾಲುವೆ ಹಿಡಿದು ಕೆಳಕ್ಕೆ ಹೋಗುತ್ತಿತ್ತು, ಮೇಲಿನ ಬಯಲಲ್ಲಿ ಹನಿಯುತ್ತಿದ್ದ ಜನವರಿಯ ನೀರನ್ನೂ ಸೇರಿಸಿಕೊಂಡು. ತಿರುವಿನಲ್ಲಿ ಅಬಿ-ಲೆಯ ಸೊಸೆ ಸಲಿಕೆ ಹಿಡಿದು ಕಾದಿದ್ದಳು. ಚುರ್ಪೋನ್ ತಲೆಯಾಡಿಸಿದ ಮೇಲೆ ಅವಳು ಮಡೆಯ ಹೆಂಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಮೊದಲ ನೀರು ನೊರೆ, ಕಸ, ಒಣ ಎಲೆಗಳನ್ನು ಮುಂದೆ ತಳ್ಳುತ್ತ, ಬಿತ್ತಿದ ಹೊಲದ ಮೊದಲ ಸಾಲಿಗೆ ತಿರುಗಿತು.