ಸಂತೆಯ ದಾರಿಯಲ್ಲೇ ಗುಡಿಯ ದಾರಿ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದವರು ಚೀಲ ಇಳಿಸಿ, ಅಡತಿ ಅಂಗಡಿಯ ಮುಂದೆ ರಾಶಿ ಹಾಕಿಸಿ, ದರ ಗೊತ್ತಾಗುವತನಕ ಕಾಯಲೇಬೇಕು. ಸೋಮವಾರ, ಗುರುವಾರದ ಪೇಟೆಗೆ ಹಿಂದಿನ ದಿನವೇ ಬಂದು ಬೀಳುವ ರೈತರಿಗೆ ಈ ಕಾಯುವ ಹೊತ್ತೇ ದೇವರ ಹೊತ್ತು. ಕದರಮಂಡಲಗಿಗೆ ಹೋಗಿ ಅಲ್ಲಿನ ಹನುಮ ಕಾಂತೇಶನಿಗೆ ಕಾಯಿ ಒಡೆಸಿಕೊಂಡು ಬರುವುದು, ಇನ್ನೂ ಸಮಯ ಮಿಕ್ಕರೆ ಕಾಗಿನೆಲೆಯ ಆದಿಕೇಶವನಿಗೂ ಕೈಮುಗಿದು ಬರುವುದು ಒಂದು ತಲೆಮಾರಿನ ರೂಢಿಯಾಗಿತ್ತು. ಗುಡಿಗೆಂದೇ ಮನೆ ಬಿಟ್ಟು ಹೊರಟವರು ಜಾತ್ರೆಯ ದಿನಗಳಲ್ಲಿ ಮಾತ್ರ ಕಾಣುತ್ತಿದ್ದರು. ಉಳಿದ ದಿನಗಳಲ್ಲಿ ಬಂದ ಕೆಲಸದ ನಡುವೆ ಗುಡಿ ಸಿಕ್ಕುತ್ತಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಿನ ಗುಡಿಗಳನ್ನು ಮೂರು ನಾಲ್ಕು ದಶಕಗಳಿಂದ ಕಂಡವರಿಗೆ ಈ ಸಂಗತಿ ಸಣ್ಣದೆನಿಸಬಹುದು. ಆದರೆ ಯಾವ ಗುಡಿ ಜನರಿಂದ ತುಂಬಿತು, ಯಾವುದು ಬರಿದಾಯಿತು ಎಂಬ ಇಡೀ ಕಥೆ ಇದರಲ್ಲೇ ಇದೆ ಎಂದು ನಾನು ನಂಬುತ್ತೇನೆ. ಅದನ್ನು ತೀರ್ಮಾನಿಸಿದ್ದು ಶಿಲ್ಪದ ಸೊಗಸಲ್ಲ, ದೇವರ ಮಹಿಮೆಯೊಂದೇ ಕೂಡ ಅಲ್ಲ. ಜನ ದಿನನಿತ್ಯ ನಡೆದಾಡುವ ದಾರಿ ಎತ್ತ ತಿರುಗಿತೋ ದರ್ಶನವೂ ಅತ್ತ ತಿರುಗಿತು.

ಇದಕ್ಕೆ ದೊಡ್ಡ ಸಾಕ್ಷಿ ತುಂಗಭದ್ರೆಯ ದಂಡೆಯಲ್ಲಿದೆ. ಚೌಡದಾನಪುರದ ಮುಕ್ತೇಶ್ವರ, ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿನ ಗಳಗನಾಥದ ಗಳಗೇಶ್ವರ, ಹರಳಹಳ್ಳಿಯ ಸೋಮೇಶ್ವರ, ಇವೆಲ್ಲ ಇಂದು ನಮಗೆ ಮೂಲೆಯ ಊರುಗಳಂತೆ ಕಾಣುತ್ತವೆ. ಇಷ್ಟು ದೊಡ್ಡ ಗುಡಿಯನ್ನು ಇಂಥ ಮೂಲೆಯಲ್ಲಿ ಯಾಕೆ ಕಟ್ಟಿದರೋ ಎಂದು ಬಂದವರು ಕೇಳುವುದುಂಟು. ಕಟ್ಟಿದ ಕಾಲಕ್ಕೆ ಅದು ಮೂಲೆಯಾಗಿರಲಿಲ್ಲ. ಆಗ ಹೊಳೆಯೇ ಹೆದ್ದಾರಿ, ಹೊಳೆ ದಾಟುವ ಜಾಗವೇ ನಿಲ್ದಾಣ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಇದೇ ದಂಡೆಯವನು. ಊರಿನ ಹೆಸರನ್ನೇ ಜನ ‘ಚೌಡಯ್ಯನಿಗೆ ದಾನವಾಗಿ ಬಂದ ಪುರ’ ಎಂದು ಬಿಡಿಸಿ ಹೇಳುತ್ತಾರೆ. ಅಂಬಿಗನೊಬ್ಬನ ಮಾತು ನಾಡಿಗೆಲ್ಲ ಕೇಳಿಸಿತೆಂದರೆ ಆ ಕಡವಿನಲ್ಲಿ ಎಷ್ಟು ಜನ ಹತ್ತಿ ಇಳಿದಿರಬೇಕು! ಗುತ್ತಲವನ್ನು ಆಳಿದ ಗುತ್ತರು ಮುಕ್ತೇಶ್ವರಕ್ಕೆ ನಡೆದುಕೊಂಡರು, ಗುಡಿಯ ಅಂಗಳದ ಎತ್ತರದ ಶಾಸನಗಳಲ್ಲಿ ಆ ವೈಭವದ ವಿವರವಿದೆ. ವಿದ್ವಾಂಸರಾದ ವಸುಂಧರಾ ಫಿಲಿಯೋಜಾ ಮತ್ತು ಪಿಯೆರ್ ಸಿಲ್ವೆ ಫಿಲಿಯೋಜಾ 1995ರಲ್ಲಿ ಈ ಒಂದೇ ಗುಡಿಯ ಮೇಲೆ ಪುಸ್ತಕ ಬರೆದರು. ಗಳಗನಾಥದಲ್ಲಿ ಗರ್ಭಗುಡಿಯ ಗೋಡೆಗೆ ಹೊರಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಒತ್ತುಗಲ್ಲು ಕಟ್ಟಿದ್ದಾರೆ. ದೂರದಿಂದ ನೋಡಿದರೆ ಗುಡಿ ಕಲ್ಲಿನ ಗುಡ್ಡದೊಳಗಿಂದ ಎದ್ದು ಬಂದಂತೆ ಕಾಣುತ್ತದೆ. ನಿರ್ಗತಿಕ ಮೂಲೆಯ ಗುಡಿಗೆ ಯಾರೂ ಇಷ್ಟು ಕಲ್ಲು ಹೊರುವುದಿಲ್ಲ.

1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಬಂತು. ಹಳಿ ಹೊಳೆಯ ದಂಡೆ ಹಿಡಿಯಲಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಹಾದುಹೋಯಿತು. ಪೇಟೆಗಳು ಬೆಳೆದದ್ದು ಅಲ್ಲೇ. ದೇವರಗುಡ್ಡಕ್ಕೆ ತನ್ನದೇ ರೈಲು ನಿಲ್ದಾಣ ದಕ್ಕಿತು. ಅಲ್ಲಿನ ಮಾಲತೇಶನ ಸನ್ನಿಧಿಯಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವಾಗ, ಆ ಒಂದು ಸಾಲನ್ನು ಮಳೆ ಬೆಳೆಗೂ ಪೇಟೆಯ ದರಕ್ಕೂ ಹೊಂದಿಸಿ ಅರ್ಥ ಹೇಳುವ ಜನ ಸುತ್ತಲೂ ನಿಂತಿರುತ್ತಾರೆ. ದೇವರ ಮಾತನ್ನು ಕೇಳುವ ಕಿವಿಯಲ್ಲೇ ಪೇಟೆಯ ಚಿಂತೆಯೂ ಇರುತ್ತದೆ, ಅದರಲ್ಲಿ ಕೀಳೇನೂ ಇಲ್ಲ. ರೈಲು ಬಂದ ಕೆಲವು ದಶಕಗಳಲ್ಲೇ ಗುಡಿಗೆ ಹೋಗುವ ಇನ್ನೊಂದು ಬಗೆಯೂ ಹುಟ್ಟಿತು. ಆಲೂರು ವೆಂಕಟರಾಯರು 1905ರಲ್ಲಿ ಹಂಪಿ ನೋಡಿ ಬಂದು, 1917ರಲ್ಲಿ ‘ಕರ್ನಾಟಕ ಗತವೈಭವ’ ಕೊಟ್ಟರು. ಹಾವೇರಿಯ ವೆಂಕಟೇಶ ತಿರಕೋ ಕುಲಕರ್ಣಿಯವರು ಗಳಗನಾಥದ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡು ಕಾದಂಬರಿ ಬರೆದರು. ಅಲ್ಲಿಂದ ಮುಂದೆ ಪಾಳು ಗುಡಿಯ ಮುಂದೆ ನಿಂತು ‘ಇದು ನಮ್ಮವರು ಕಟ್ಟಿದ್ದು’ ಎನ್ನುವ ಹೆಮ್ಮೆಯೂ ಒಂದು ಬಗೆಯ ದರ್ಶನವಾಯಿತು. ಆದರೆ ಆ ಹೆಮ್ಮೆ ಓದಿದವರದು. ಅದು ವರ್ಷಕ್ಕೊಮ್ಮೆ ಶಾಲೆಯ ಪ್ರವಾಸವನ್ನು ಕರೆತಂದೀತು, ದಿನಾ ಸಂಜೆ ಎಣ್ಣೆ ಬತ್ತಿ ತರಲಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಗುಡಿಗಳು ಬರಿದಾಗಲು ಪುರಾತತ್ವ ಇಲಾಖೆಯ ಬೇಲಿ ಕಾರಣ, ನೀಲಿ ಫಲಕ ನೆಟ್ಟ ದಿನವೇ ದೇವರು ಎದ್ದು ಹೋದ ಎನ್ನುವವರು ನಮ್ಮಲ್ಲಿ ಬಹಳ. ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾರೆ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಮತ್ತೂ 200 ಮೀಟರ್‌ವರೆಗೆ ಅನುಮತಿಯ ಕಟ್ಟು. ಗುಡಿಯ ಮಗ್ಗುಲಿನ ಮನೆಯವನಿಗೆ ಇದು ನಿಜವಾದ ತೊಂದರೆ. ಆದರೂ ಬೇಲಿಯೇ ಕಾರಣವೆಂದು ಒಪ್ಪಲು ಹಾವೇರಿಯ ಪುರಸಿದ್ಧೇಶ್ವರ ಬಿಡುವುದಿಲ್ಲ. ಅದೂ ಇಲಾಖೆಯ ಸ್ಮಾರಕವೇ, ಬೇಲಿ ಅಲ್ಲಿಯೂ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ರೂಢಿಗೆ ವಿರುದ್ಧವಾಗಿ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಹೊತ್ತಿನ ಬಿಸಿಲು ಬಾಗಿಲಿನಿಂದ ನೇರ ಒಳನುಗ್ಗಿದಾಗ, ತಿರುಗಣೆಗೆ ಹಾಕಿ ಕಡೆದಂಥ ಬಳಪದ ಕಲ್ಲಿನ ಕಂಬಗಳ ಒಂದೊಂದು ಉಂಗುರವೂ ಬೇರೆ ಬೇರೆಯಾಗಿ ಹೊಳೆಯುತ್ತದೆ. ಕೈಗೆಟುಕುವ ಎತ್ತರದಲ್ಲಿ, ಜನ ಮುಟ್ಟಿ ಮುಟ್ಟಿ ಸವೆದಲ್ಲಿ, ಆ ಹೊಳಪು ಎಣ್ಣೆ ಸವರಿದಷ್ಟು ಗಾಢ. ಆ ಹೊತ್ತಿಗೇ ಕಚೇರಿ, ಅಂಗಡಿ ಮುಗಿಸಿದವರು ಬರುತ್ತಾರೆ. ಈ ಗುಡಿ ಮೂಲದಲ್ಲಿ ಯಾವ ದೇವರದು, ಯಾವ ಪಂಥದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ವಿಷ್ಣು, ಸೂರ್ಯ, ಉಮಾಮಹೇಶ್ವರ, ನಾಗ ನಾಗಿಣಿ, ಹೀಗೆ ಬಿಡಿ ಮೂರ್ತಿಗಳು ಅಲ್ಲಿ ಸಾಕಷ್ಟಿವೆ. ಊರಿನವರು ಅದನ್ನು ಸಿದ್ಧೇಶ್ವರನದೆಂದು ನಡೆಸಿಕೊಂಡು ಬಂದರು, ಅದು ಸಿದ್ಧೇಶ್ವರನದೇ ಆಯಿತು. ಬೇಲಿಯಿದ್ದೂ ಜನ ಬರುವುದರಲ್ಲಿ ಹಾನಗಲ್ಲಿನ ತಾರಕೇಶ್ವರನ ಮಾತೂ ಇದೇ. ಚಾವಣಿಯ ಆ ದೊಡ್ಡ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಲು ದೂರದವರು ಬರುತ್ತಾರೆ, ಕಾಯಿ ಹಿಡಿದು ಊರಿನವರೂ ಬರುತ್ತಾರೆ. ಬೇಲಿ ಒಂದೇ, ಇಲಾಖೆ ಒಂದೇ, ಕಾನೂನು ಒಂದೇ. ಹಾವೇರಿ, ಹಾನಗಲ್ಲಿನ ಗುಡಿಗಳು ಜನರ ಓಡಾಟದ ನಡುವೆ ಇವೆ, ಚೌಡದಾನಪುರದ್ದು ಇಲ್ಲ. ವ್ಯತ್ಯಾಸ ಇಷ್ಟೇ. ಬೇಲಿಗೂ ಮೊದಲಿನ ದಿನಗಳನ್ನು ಕಂಡವರು ಇನ್ನೊಂದನ್ನೂ ಒಪ್ಪಬೇಕು. ಸುಣ್ಣ ಬಳಿದ ಶಿಲ್ಪ, ಮಂಟಪದೊಳಗೆ ಕಟ್ಟಿದ ದನ, ಒಟ್ಟಿದ ಹೊಟ್ಟು ಮೇವು ನಮ್ಮ ಕಡೆ ಅಪರೂಪವಾಗಿರಲಿಲ್ಲ. ಕಲ್ಲು ಉಳಿದದ್ದು ಇಲಾಖೆಯಿಂದ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ದಾರಿಯಿಂದಲೇ ದರ್ಶನವೆಂದರೆ ಭಕ್ತಿಗೆ ಬೆಲೆಯಿಲ್ಲವೇ? ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮರನ್ನು ಒಂದೇ ದಿನ ಕಂಡರೆ ಪುಣ್ಯವೆಂಬುದು ನಮ್ಮ ಜನರ ದೃಢವಾದ ನಂಬಿಕೆ. ಮೂರೂ ಮೂರು ತಾಲ್ಲೂಕಿನ ಊರುಗಳು, ಶಿಕಾರಿಪುರ ಬೇರೆ ಜಿಲ್ಲೆಯದು. ದಾರಿ ಕಷ್ಟವೆಂದು ಯಾರೂ ಬಿಟ್ಟಿಲ್ಲವಲ್ಲ ಎಂದು ಕೇಳಬಹುದು. ನಂಬಿಕೆ ಮೊದಲು, ನಿಜ. ಹರಕೆ ಹೊರಿಸುವುದು ಅದೇ. ಆದರೆ ಚಕ್ಕಡಿ ಮತ್ತು ಕಾಲ್ನಡಿಗೆಯ ಕಾಲಕ್ಕೆ ಒಂದೇ ದಿನದ ಈ ಸುತ್ತು ಗಟ್ಟಿ ಕಾಲಿನವರಿಗೆ, ಗಟ್ಟಿ ಎತ್ತಿನವರಿಗೆ ಮಾತ್ರ ಸಾಧ್ಯವಾಗಿದ್ದೀತು. ಬಾಡಿಗೆ ಜೀಪು, ಟ್ರ್ಯಾಕ್ಸು, ಟೆಂಪೋ ಬಂದ ಮೇಲೆ ಅಜ್ಜಿಯೂ ಕೂಸೂ ಸೇರಿ ಇಡೀ ಮನೆ ಹೊರಟಿತು. ಶ್ರಾವಣದ ಶನಿವಾರ ಕಾಂತೇಶನ ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ. ನಂಬಿಕೆ ಮೊದಲೇ ಇತ್ತು, ಗಾಡಿ ಅದನ್ನು ಸಾಲಾಗಿ ನಿಲ್ಲಿಸಿತು. ಕಾಗಿನೆಲೆಯೂ ಹೀಗೆಯೇ. ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ಪದಗಳ ಕೊನೆಯಲ್ಲೆಲ್ಲ ಈ ಊರನ್ನು ಇಟ್ಟುಕೊಂಡರು. ನಾಲ್ಕು ಶತಮಾನ ಅದು ನಾಡಿಗೆ ಹಾಡಿನಲ್ಲಷ್ಟೇ ಗೊತ್ತಿದ್ದ ಊರು. 1992ರಲ್ಲಿ ಕನಕ ಗುರುಪೀಠ, 1997ರಲ್ಲಿ ಹಾವೇರಿ ಜಿಲ್ಲೆ, ಆಮೇಲೆ ಅಭಿವೃದ್ಧಿ ಪ್ರಾಧಿಕಾರ, ಒಳ್ಳೆಯ ರಸ್ತೆ ಬಂದ ಮೇಲೆ ಹಾಡಿನ ಊರು ಕಣ್ಣಿನ ಊರೂ ಆಯಿತು.

ಇದಕ್ಕೆ ತೀರಾ ಈಚಿನ ಪುರಾವೆ 2023ರ ಜೂನ್ 11ರಂದು ಸಿಕ್ಕಿತು. ಶಕ್ತಿ ಯೋಜನೆ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ವರ್ಷವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಘಾಟಿಗೆ ಸೆರಗು ಮೂಗಿಗೆ ಒತ್ತಿಕೊಂಡೇ ದುಡಿಯುವ ಬ್ಯಾಡಗಿಯ ಹೆಂಗಸರು ರಜೆಯ ದಿನ ಬುತ್ತಿ ಕಟ್ಟಿಕೊಂಡು ಐದಾರು ಮಂದಿ ಕೂಡಿ ಗುಡಿಗೆ ಹೊರಡುವುದು ಈಗ ಸಾಮಾನ್ಯ ನೋಟ. ಬಸ್ಸು ಗುಡಿಗಳನ್ನು ಗದ್ದಲವೆಬ್ಬಿಸಿ ಕೆಡಿಸಿತು ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದುಡ್ಡಿಲ್ಲವೆಂದೋ ಕರೆದೊಯ್ಯುವವರಿಲ್ಲವೆಂದೋ ಮನೆಯ ದೇವರ ಜಗುಲಿಗೆ ಕೈಮುಗಿದು ಸುಮ್ಮನಾದವರು ಇವರೇ ಅಲ್ಲವೇ? ಇವರಲ್ಲಿ ಭಕ್ತಿ ಹೊಸದಾಗಿ ಹುಟ್ಟಿದ್ದಲ್ಲ, ಇಲ್ಲದಿದ್ದದ್ದು ಟಿಕೆಟ್ಟಿನ ದುಡ್ಡು. ನನ್ನ ಚಿಂತೆ ಬೇರೆ. ಈ ಬಸ್ಸುಗಳೂ ಹಳೆಯ ಜಾಡನ್ನೇ ಹಿಡಿದಿವೆ. ತುಂಬಿದ ಗುಡಿಗಳನ್ನೇ ತುಂಬುತ್ತಿವೆ. ಅತ್ತ ಪುಣೆ ಬೆಂಗಳೂರು ಹೆದ್ದಾರಿ ನಾಲ್ಕು ಪಥವಾದ ಮೇಲೆ ಮೋಟೆಬೆನ್ನೂರಿನ ಬಳಿ ಹಾಯುವ ಕಾರುಗಳಿಗೆ ಬ್ಯಾಡಗಿಯೆಂದರೆ ಒಂದು ಹಸಿರು ಫಲಕ. ಹೊಳೆಯ ದಂಡೆ ಅವರಿಗೆ ಇನ್ನೂ ದೂರ.

ಜನ ಬಾರದಿದ್ದರೆ ಕಲ್ಲಿಗೆ ಒಳ್ಳೆಯದೇ ಅಲ್ಲವೇ ಎಂಬ ಕೊನೆಯ ಮಾತು ಉಳಿಯುತ್ತದೆ. ಸವೆತ ಕಡಿಮೆಯಾದೀತು, ಒಪ್ಪಿದೆ. ಆದರೆ ನೋಡುವ ಕಣ್ಣಿಲ್ಲದ ಕಡೆ ಬಿಡಿ ಮೂರ್ತಿ ಕಾಣೆಯಾದರೂ ಗೊತ್ತಾಗುವುದು ತಡವಾಗಿ. ‘ಇದು ನಮ್ಮ ಗುಡಿ’ ಎಂದು ಜಗಳ ತೆಗೆಯುವ ಊರಿನವರೂ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಾರೆ. ಗುತ್ತಲಕ್ಕೆ ಸಂತೆಗೆ ಬಂದವರು ಬೆಳಗಿನ ವ್ಯಾಪಾರ ಮುಗಿಸಿ ಚೌಡದಾನಪುರ, ಹರಳಹಳ್ಳಿ, ಗಳಗನಾಥ ಮೂರನ್ನೂ ನೋಡಿ ಕತ್ತಲಾಗುವುದರೊಳಗೆ ಮನೆ ಸೇರುವಂತೆ ವಾರಕ್ಕೊಂದು ಬಸ್ಸಿನ ಸುತ್ತು ಹಾಕಲಿ. ಇದು ಸಾರಿಗೆ ನಿಗಮಕ್ಕೆ ಒಂದು ಗಾಡಿಯ, ಒಬ್ಬ ಚಾಲಕನ, ಒಬ್ಬ ನಿರ್ವಾಹಕನ ಮಾತು. ಗಳಗನಾಥದ ಸಂಗಮದಲ್ಲಿ ಕಾಲು ತೊಳೆದು, ಆ ಒತ್ತುಗಲ್ಲಿನ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಲು ಜಾಗ ಬೇಕಾದಷ್ಟಿದೆ.