ಆಗುಂಬೆಯ ದಾರಿಯಲ್ಲಿ ಕಳಚಿದ ಚೇನು

ತನ್ನ ವಾಹನವನ್ನು ತನ್ನ ಕೈಯಿಂದಲೇ ಸರಿಮಾಡಿಕೊಳ್ಳುವ ಗೃಹಸ್ಥನಿಗೆ ಒಂದು ಬಗೆಯ ಹೆಮ್ಮೆ ಇರುವುದುಂಟು. ನನಗೂ ಅದು ಇದ್ದಿತು. ಆ ಹೆಮ್ಮೆಯು ಒಂದು ಸಾಯಂಕಾಲ ಮಲೆನಾಡಿನ ದಾರಿಯಲ್ಲಿ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ವಾಚಕರ ಮುಂದೆ ಇಡುತ್ತೇನೆ. ಮನೆಯಲ್ಲಿ ಮೋಟಾರು ಸೈಕಲ್ಲು ಉಳ್ಳವರಿಗೆ ಇದರಿಂದ ಏನಾದರೂ ಪ್ರಯೋಜನವಾದರೆ ಸಂತೋಷ.

2023ನೆಯ ಇಸವಿಯ ನವೆಂಬರ್ ತಿಂಗಳು, ಕಾರ್ತಿಕ ಮಾಸ. ಹೆಬ್ರಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿಬರಬೇಕೆಂದು ಮಗಳು ಬಹಳ ದಿನಗಳಿಂದ ಕೇಳುತ್ತಿದ್ದಳು. ಹೊರಡುವ ಹಿಂದಿನ ರಾತ್ರಿ ನಾನು ವಾಹನದ ಚೇನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಾಕಿ, ಮರಳಿ ಜೋಡಿಸಿದೆನು. ದೀಪ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿದ್ದ ಮಗಳು, "ಅಪ್ಪಯ್ಯ, ಆ ಲಾಕು ಬಿಚ್ಚುವಾಗ ಬೇರೆ ಕಡೆಗೆ ತಿರುಗಿತ್ತಲ್ಲವೆ?" ಎಂದು ಕೇಳಿದಳು. "ಹೇಗೆ ಹಾಕಿದರೂ ಒಂದೇ. ನೀನು ದೀಪ ಸರಿಯಾಗಿ ಹಿಡಿ" ಎಂದೆನು. ಅವಳು ಮತ್ತೆ ಮಾತನಾಡಲಿಲ್ಲ.

ಬೆಳಗ್ಗೆ ಶಿವಮೊಗ್ಗವನ್ನು ಬಿಟ್ಟೆವು. ಗಾಜನೂರಿನ ಬಳಿ ತುಂಗೆಯ ಕಟ್ಟೆಯ ನೀರು ತುಂಬಿ ನಿಂತಿದ್ದಿತು. ಸಕ್ರೆಬೈಲಿನಲ್ಲಿ ಬಿಡಾರದ ಆನೆಗಳು ನೀರಿನಲ್ಲಿ ಒರಗಿಕೊಂಡು ಮಾವುತರಿಂದ ಮೈ ಉಜ್ಜಿಸಿಕೊಳ್ಳುತ್ತಿದ್ದುವು. ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಇನ್ನೂ ಕೆಲವು ಉಳಿದಿದ್ದುವು. ಸುಮಾರು 60 ಕಿಲೋಮೀಟರ್ ಕ್ರಮಿಸಿ ತೀರ್ಥಹಳ್ಳಿಯನ್ನು ಸೇರಿ, ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ, ಮೂರು ಗಂಟೆಗೆ ಮತ್ತೆ ಹೊರಟೆವು. ಅಡಿಕೆ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಬೇಯಿಸಿದ ಅಡಿಕೆಯ ಒಗರು ವಾಸನೆ ಬರುತ್ತಿದ್ದಿತು.

ಗುಡ್ಡೇಕೇರಿಯನ್ನು ದಾಟಿ ಒಂದು ಸಣ್ಣ ಏರನ್ನು ಹತ್ತುತ್ತಿರುವಾಗ ಕಾಲಿನ ಬಳಿ ಏನೋ ಚಟ್ಟೆಂದು ಸದ್ದಾಯಿತು. ಎಂಜಿನ್ನು ಒಮ್ಮೆಲೇ ಅಬ್ಬರಿಸಿತು. ಆದರೆ ಗಾಡಿ ಮುಂದಕ್ಕೆ ಹೋಗದು. ಬ್ರೇಕು ಹಿಡಿದು ನಿಲ್ಲಿಸಿದೆನು. ಮಗಳು ಹಿಂದಕ್ಕೆ ನೋಡಿ, "ಅಪ್ಪಯ್ಯ, ಹಾವು!" ಎಂದು ಕೂಗಿದಳು. ಆಗುಂಬೆಯ ಸೀಮೆಯಲ್ಲಿ ಆ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ರಸ್ತೆಯ ಮೇಲೆ ಸುರುಳಿಯಾಗಿ ಬಿದ್ದಿದ್ದುದು ಹಾವಲ್ಲ, ನಮ್ಮ ಚೇನು.

ಅದರ ಎರಡು ತುದಿಗಳನ್ನು ಕೂಡಿಸುವ ಕೊಂಡಿಯೂ, ಆ ಕೊಂಡಿಯನ್ನು ಹಿಡಿದಿಡುವ ಲಾಕೂ ಎಲ್ಲಿಯೋ ಸಿಡಿದುಹೋಗಿದ್ದುವು. ಹುಲ್ಲಿನಲ್ಲಿ ಎಷ್ಟು ಹುಡುಕಿದರೂ ದೊರೆಯಲಿಲ್ಲ. ಚೇನನ್ನು ಚೀಲಕ್ಕೆ ತುಂಬಿ, ಇಬ್ಬರೂ ಗಾಡಿಯನ್ನು ತಳ್ಳುತ್ತ ನಡೆದೆವು. ಅರ್ಧ ಮೈಲಿಯಾದ ಮೇಲೆ ರಸ್ತೆಯ ಪಕ್ಕದಲ್ಲಿ ಒಂದು ಸೈಕಲ್ ಷಾಪು ಕಂಡಿತು. ಈಗ ಅಲ್ಲಿ ಸೈಕಲ್ಲುಗಳಿಗಿಂತ ಹುಲ್ಲು ಕತ್ತರಿಸುವ ಯಂತ್ರಗಳೂ ಅಡಿಕೆ ಸುಲಿಯುವ ಯಂತ್ರಗಳೂ ಹೆಚ್ಚು. ಅಂಗಡಿಯ ಯಜಮಾನರು ಅರವತ್ತು ದಾಟಿದವರು.

"ಎಂತಾಯ್ತು ಮಾರಾಯ್ರೆ?" ಎಂದು ಕೇಳಿ ಚೇನನ್ನು ಕೈಗೆ ತೆಗೆದುಕೊಂಡರು. ಕಪಾಟಿನಲ್ಲಿ ತೂಗುತ್ತಿದ್ದ ಸೈಕಲ್ಲಿನ ಕೊಂಡಿಯೊಂದನ್ನು ನಾನು ತೋರಿಸಿದೆನು. ಅವರು ತಲೆಯಾಡಿಸಿದರು. ಎರಡರಲ್ಲಿಯೂ ಒಂದು ಮೊಳೆಯಿಂದ ಮತ್ತೊಂದು ಮೊಳೆಗೆ ಇರುವ ದೂರ ಅರ್ಧ ಅಂಗುಲವೇ, ಅಂದರೆ 12.7 ಮಿಲಿಮೀಟರ್, ಆದರೆ ಸೈಕಲ್ಲಿನ ಚೇನು ಅಗಲದಲ್ಲಿ ಕಿರಿದು, ಮೋಟಾರು ಸೈಕಲ್ಲಿಗೆ ಕೂಡದು. ಹಳೆಯ ಸಾಮಾನಿನ ಡಬ್ಬಿಯನ್ನು ಬಹಳ ಹೊತ್ತು ಕೆದಕಿ, ನಮ್ಮ ಅಳತೆಯ ಕೊಂಡಿಯೊಂದನ್ನೂ ಹೊಸ ಲಾಕೊಂದನ್ನೂ ತೆಗೆದರು.

"ಮೊದಲಿನ ಲಾಕು ಹಾಕಿದವರು ಯಾರು?"

ಮಗಳು ನನ್ನ ಮುಖವನ್ನು ನೋಡಿದಳು. "ನಾನೇ" ಎಂದೆನು.

ಅವರು ನಗಲಿಲ್ಲ. ಆ ಸಣ್ಣ ಲಾಕನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಇದು ಮೀನು ಇದ್ದ ಹಾಗೆ. ಈ ಮುಚ್ಚಿದ ಕಡೆ ತಲೆ, ಈ ಸೀಳಿದ ಕಡೆ ಬಾಲ. ಮೀನು ತಲೆ ಮುಂದೆ ಮಾಡಿಕೊಂಡೇ ಈಜುವುದು. ಚೇನು ಓಡುವ ದಿಕ್ಕಿಗೆ ತಲೆ ಇರಬೇಕು. ಬಾಲ ಮುಂದಾದರೆ ಒಂದು ಕಲ್ಲು ತಾಗಿದರೂ ಸಾಕು, ಲಾಕು ಕಳಚಿಹೋಗುತ್ತದೆ."

ಚೇನಿನ ಮೇಲಿನ ಸಾಲು ಗಾಡಿಯ ಮುಂದಕ್ಕೆ ಓಡುತ್ತದೆ, ಕೆಳಗಿನ ಸಾಲು ಹಿಂದಕ್ಕೆ. ಆದುದರಿಂದ ಲಾಕನ್ನು ಮೇಲಿನ ಸಾಲಿಗೆ ತಂದು ನೋಡಿದರೆ ಅದರ ಮುಚ್ಚಿದ ತುದಿ ಎಂಜಿನ್ನಿನ ಕಡೆಗೆ ಇರಬೇಕು. ಹಿಂದಿನ ರಾತ್ರಿ ಮಗಳು ಕೇಳಿದ್ದುದು ಇದನ್ನೇ. ನಾನು ಅವಳ ಬಾಯಿ ಮುಚ್ಚಿಸಿದ್ದೆನು.

ಯಜಮಾನರು ಇಕ್ಕಳವನ್ನು ನನಗೆ ಕೊಡದೆ ಅವಳಿಗೆ ಕೊಟ್ಟರು. "ತಂಗಿ, ನೀನೇ ಹಾಕು." ಚೇನಿನ ಎರಡು ತುದಿಗಳನ್ನೂ ಹಿಂದಿನ ಹಲ್ಲುಚಕ್ರದ ಅಕ್ಕಪಕ್ಕದ ಹಲ್ಲುಗಳಿಗೆ ಸಿಕ್ಕಿಸಿದರೆ ಚಕ್ರವೇ ಅವನ್ನು ಹಿಡಿದುಕೊಳ್ಳುತ್ತದೆ. ಒಳಗಡೆಯಿಂದ ಕೊಂಡಿಯನ್ನು ತೂರಿಸಿ, ಹೊರಗಡೆಯಿಂದ ಪಟ್ಟಿಯನ್ನಿಟ್ಟು, ಮೇಲೆ ಲಾಕನ್ನು ಒತ್ತಬೇಕು. ಅವಳು ಎರಡನೆಯ ಸಲಕ್ಕೆ ಒತ್ತಿದಳು, ಟಕ್ಕೆಂದು ಕುಳಿತಿತು.

ನನ್ನ ಇನ್ನೊಂದು ತಪ್ಪೂ ಹೊರಬಿದ್ದಿತು. ಚೇನನ್ನು ನಾನು ಅತಿಯಾಗಿ ಬಿಗಿದಿದ್ದೆನು. ಹಳೆಯ ಚೇನು ಎಲ್ಲ ಕಡೆಯೂ ಸಮನಾಗಿ ಸವೆದಿರುವುದಿಲ್ಲ. ಒಂದೆಡೆ ಸಡಿಲ, ಒಂದೆಡೆ ಬಿಗಿ. ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಅತ್ಯಂತ ಬಿಗಿಯಾದ ಸ್ಥಳವನ್ನು ಕಂಡುಹಿಡಿದು, ಅಲ್ಲಿ ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಆಡಿಸಬೇಕು. ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಟವಿರಬೇಕು; ಸರಿಯಾದ ಅಳತೆ ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ. ಅತಿಯಾಗಿ ಬಿಗಿದರೆ, ಇಬ್ಬರು ಕುಳಿತು ಹಳ್ಳ ಇಳಿದಾಗ ಚೇನು ಇನ್ನೂ ಜಗ್ಗಿ, ಎಲ್ಲದಕ್ಕೂ ಕೇಡು. ಎರಡು ಪಕ್ಕದ ಗುರುತುಗಳನ್ನೂ ಸಮವಾಗಿರಿಸಿ ನಟ್ಟನ್ನು ಬಿಗಿದು, ಬ್ರೇಕನ್ನು ಪರೀಕ್ಷಿಸಿದರು.

ಈ ಬಗೆಯ ಉರುಳೆಯ ಚೇನಿಗೆ 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ಎಂಬ ಸ್ವಿಟ್ಜರ್ಲೆಂಡ್ ಮೂಲದ ಯಂತ್ರಜ್ಞನು ಹಕ್ಕುಪತ್ರ ಪಡೆದನು. ಅಂದಿನಿಂದ ಇಂದಿನವರೆಗೆ ಅದರ ರಚನೆಯು ಮುಖ್ಯವಾಗಿ ಹಾಗೆಯೇ ಉಳಿದಿದೆ. ಚೇನು ಉದ್ದವಾಯಿತೆಂದು ನಾವು ಹೇಳುವಾಗ ಕಬ್ಬಿಣವು ಹಿಗ್ಗಿರುವುದಿಲ್ಲ. ಒಳಗಿನ ಮೊಳೆಗಳೂ ಅವುಗಳ ಕೊಳವೆಗಳೂ ಸವೆದು, ಪ್ರತಿಯೊಂದು ಕೊಂಡಿಯಲ್ಲಿಯೂ ಕೂದಲೆಳೆಯಷ್ಟು ಸಡಿಲ ಸೇರಿ ಸೇರಿ ಒಟ್ಟಾಗಿರುತ್ತದೆ. ಹಿಂದಿನ ಹಲ್ಲುಚಕ್ರದ ತುದಿಯಲ್ಲಿ ಚೇನನ್ನು ಹಿಡಿದು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಾಣಿಸಿದರೆ, ಚೇನನ್ನೂ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೆ ಬದಲಾಯಿಸುವುದು ಕ್ಷೇಮ. ನಮ್ಮದು ಆ ಅಂಚಿಗೆ ಬಂದಿದ್ದಿತು.

"ಘಾಟಿಯಲ್ಲಿ ಕಳಚಿದ್ದರೆ ಎಂತ ಮಾಡುತ್ತಿದ್ದಿರಿ?" ಎಂದು ಯಜಮಾನರು ಕೇಳಿದರು. ಆಗುಂಬೆಯ ಘಾಟಿಗೆ 14 ತಿರುವುಗಳು. ಚೇನಿಲ್ಲದ ಗಾಡಿಗೆ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವಿಲ್ಲ, ಬ್ರೇಕೊಂದೇ ಗತಿ. ಕಳಚಿದ ಚೇನು ಚಕ್ರಕ್ಕೆ ಸುತ್ತಿಕೊಂಡರೆ ಅದೂ ಇಲ್ಲ. ಹಿಂದೆ ಕುಳಿತಿದ್ದವಳು ಯಾರೆಂಬುದನ್ನು ನೆನೆದು ನಾನು ಉತ್ತರ ಕೊಡಲಿಲ್ಲ.

ಅವರು ಕೊಂಡಿಗೂ ಲಾಕಿಗೂ ಮಾತ್ರ ಹಣ ತೆಗೆದುಕೊಂಡರು. "ಮೆಲ್ಲಗೆ ಹೋಗಿ. ಉಡುಪಿಯಲ್ಲಿ ಹೊಸ ಚೇನು ಹಾಕಿಸಿ" ಎಂದರು.

ಆಗುಂಬೆಯಲ್ಲಿ ಸೂರ್ಯಾಸ್ತವನ್ನು ನೋಡುವವರ ಗುಂಪು ಕೂಡುತ್ತಿದ್ದಿತು. ಅದನ್ನು ನೋಡಬೇಕೆಂಬುದೇ ಮಗಳ ದೊಡ್ಡ ಆಸೆಯಾಗಿದ್ದಿತು. ಆದರೆ ಬೆಳಕಿರುವಾಗಲೇ ಘಾಟಿಯನ್ನು ಇಳಿಯೋಣವೆಂದು ಅವಳೇ ಹೇಳಿದಳು. ಎರಡನೆಯ ಗೇರಿನಲ್ಲಿ, ತಿರುವುಗಳನ್ನು ಒಂದೊಂದಾಗಿ ಎಣಿಸುತ್ತ ಇಳಿದೆವು. ಹದಿನಾಲ್ಕನೆಯದು ಕಳೆದು ಸೋಮೇಶ್ವರದ ಮನೆಗಳ ದೀಪಗಳು ಕಂಡಾಗ, "ಆಯಿತು ಅಪ್ಪಯ್ಯ" ಎಂದು ಅವಳು ನನ್ನ ಭುಜವನ್ನು ತಟ್ಟಿದಳು. ಅಕ್ಕನ ಮನೆಯಲ್ಲಿ ಎಲ್ಲರೂ ತಡವೇಕೆಂದು ಕೇಳಿದಾಗ, ಗಾಡಿ ಕೆಡಿಸಿದವನು ನಾನು, ಸರಿಮಾಡಿದವಳು ಇವಳು ಎಂದು ನಾನೇ ಹೇಳಿದೆನು. ಮರುದಿನ ಉಡುಪಿಗೆ ಹೋಗಿ ಹೊಸ ಚೇನನ್ನೂ ಹಲ್ಲುಚಕ್ರಗಳನ್ನೂ ಹಾಕಿಸಿದೆವು.

ಈಗಲೂ ಮನೆಯಲ್ಲಿ ಈ ಕೆಲಸವನ್ನು ನಾವೇ ಮಾಡುತ್ತೇವೆ. ಎಂಜಿನ್ನನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಮೆತ್ತನೆಯ ಕುಂಚದಿಂದ ಉಜ್ಜುವುದು. ಎಂಜಿನ್ನು ಓಡುತ್ತಿರುವಾಗ ಚೇನಿನ ಬಳಿ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರುಂಟು. ಎಣ್ಣೆಯನ್ನು ಕೆಳಗಿನ ಸಾಲಿನ ಒಳಮೈಗೆ ಹಾಕುವುದು. ಚೇನು ತಿರುಗುವಾಗ ಅದು ತಾನಾಗಿಯೇ ಹೊರಗಡೆಗೆ ಹರಡುತ್ತದೆ. ಓಡಾಡಿ ಬಂದು ಚೇನು ಬೆಚ್ಚಗಿರುವಾಗ ಹಾಕಿದರೆ ಇನ್ನೂ ಒಳ್ಳೆಯದು.

ಕಡೆಯಲ್ಲಿ ನಾನು ದೀಪ ಹಿಡಿಯುತ್ತೇನೆ. ಮಗಳು ಲಾಕನ್ನು ಒತ್ತಿ, "ಮೀನಿನ ತಲೆ ಎತ್ತ ಇದೆ, ನೋಡಿ ಹೇಳಿ ಅಪ್ಪಯ್ಯ" ಎನ್ನುತ್ತಾಳೆ. ನಾನು ಬಗ್ಗಿ ನೋಡಿಯೇ ಹೇಳುತ್ತೇನೆ.